ಚಳ್ಳಕೆರೆಯ ಕರಿ ಕಂಬಳಿ: ಒರಟು ನೂಲಿನ ಹಿರಿಮೆ

ಬಟ್ಟೆಯ ಜಾತಿ ತಿಳಿಯಲು ಚಳ್ಳಕೆರೆಯ ಒಬ್ಬ ಹಿರಿಯ ಕಂಬಳಿ ನೇಕಾರರಿಗೆ ಒಂದು ಬೆಂಕಿಕಡ್ಡಿ ಸಾಕು. ಹತ್ತಿಯ ಎಳೆಗೆ ಕಿಡಿ ತಾಗಿಸಿದರು. ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉದುರಿತು. ಸಂತೆಯಲ್ಲಿ ಕೊಂಡ ಬಣ್ಣದ ಹೊದಿಕೆಯ ಎಳೆ ಕರಗಿ, ತುದಿಯಲ್ಲಿ ಗಟ್ಟಿ ಗಂಟಾಯಿತು. ಕಂಬಳಿಯ ಎಳೆ ಕೂದಲು ಸುಟ್ಟ ಕಮಟು ಬಿಟ್ಟು, ಕಡ್ಡಿ ಸರಿಸಿದ ಕೂಡಲೇ ತಾನಾಗಿ ಆರಿತು. "ನೋಡವ್ವ, ಮೊದಲನೇದು ಗಿಡದ್ದು, ಎರಡನೇದು ಪ್ಲಾಸ್ಟಿಕ್ಕು, ಇದು ಜೀವದ ಮೈಮೇಲೆ ಬೆಳೆದಿದ್ದು" ಎಂದರು.

ಬಟ್ಟೆಗಳ ಇಡೀ ಲೋಕ ಹೆಚ್ಚುಕಡಿಮೆ ಈ ಮೂರು ಮಾತಿನಲ್ಲಿದೆ. ಹತ್ತಿ, ಸೆಣಬು ಗಿಡದಿಂದ ಬಂದವು. ಉಣ್ಣೆ, ರೇಷ್ಮೆ ಪ್ರಾಣಿ ಮೂಲದ ಪ್ರೋಟೀನ್ ಎಳೆಗಳು. ಪಾಲಿಯೆಸ್ಟರ್, ಅಕ್ರಿಲಿಕ್ ಪೆಟ್ರೋಲಿಯಂನಿಂದ ತಯಾರಾದವು. ಇಂದು ಕಂಬಳಿಯ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಬಹುಪಾಲು ಮೂರನೆಯ ಗುಂಪಿನದು.

ಕಂಬಳಿಯ ಚರಿತ್ರೆ ಕೇಳಿದರೆ ಹಿರಿಯರು ನೂಲಿನಿಂದಲೇ ಶುರು ಮಾಡುತ್ತಾರೆ. ಕುರಿ ಸಾಕಿ ಕಂಬಳಿ ನೇಯುವ ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಎರಡು ಪಂಗಡ. ಮದುವೆಯಲ್ಲಿ ಕೈಗೆ ಕಟ್ಟುವ ದಾರ ಯಾವುದು ಎಂಬುದರ ಮೇಲೆ ಆ ಹೆಸರು. ದೇವರ ಗದ್ದುಗೆಗೆ ಕಂಬಳಿ ಹಾಸಬೇಕು. ಮೈಲಾರಲಿಂಗನ ಭಕ್ತರಾದ ಗೊರವರ ನಿಲುವಂಗಿಯೂ ಕರಿ ಕಂಬಳಿಯದೇ.

ಈ ಕಪ್ಪಿಗೆ ಬಣ್ಣ ಹಾಕುವುದಿಲ್ಲ. ಅದು ದಖನಿ ಕುರಿಯ ಹುಟ್ಟುಬಣ್ಣ. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ನಯ, ಬೆಲೆಯೂ ಹೆಚ್ಚು. ಹಿಂಜುವುದು, ರಾಟೆಯಲ್ಲಿ ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಹಂತ, ಹುಣಸೆ ಬೀಜದ ಗಂಜಿ. ದಖನಿ ಉಣ್ಣೆಯ ಎಳೆ ಗಿಡ್ಡ, ಒರಟು. ನಡುನಡುವೆ ಬರಿಯ ಕೂದಲೂ ಇರುತ್ತದೆ. ಅದನ್ನು ಹಾಗೆಯೇ ಮಗ್ಗಕ್ಕೆ ಏರಿಸಿದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಕಿತ್ತುಹೋಗುತ್ತವೆ. ಅದಕ್ಕಾಗಿ ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ಅರೆದು, ಅಂಟು ಬರುವವರೆಗೆ ಕುದಿಸುತ್ತಾರೆ. ಹಾಸಿನ ನೂಲನ್ನು ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ಕುಂಚದಿಂದ ಆ ಗಂಜಿಯನ್ನು ಒಂದೇ ದಿಕ್ಕಿಗೆ ತೀಡುತ್ತಾ ಹೋಗುತ್ತಾರೆ. ಚದುರಿದ್ದ ಕೂದಲುಗಳು ಎಳೆಗೆ ಒತ್ತಿಕೊಂಡು, ಬಿಸಿಲಿಗೆ ಒಣಗಿ, ನೂಲು ತಂತಿಯಂತೆ ನೆಟ್ಟಗಾಗುತ್ತದೆ. ಗಂಜಿ ತೆಳುವಾದರೆ ನೂಲು ತಡೆಯದು. ಮಂದವಾದರೆ ಎಳೆಗಳು ಅಂಟಿಕೊಳ್ಳುತ್ತವೆ. ಹದ ಗೊತ್ತಾಗುವುದು ಬೆರಳಿಗೆ ಮಾತ್ರ. ಮೋಡ ಕವಿದರೆ ಅಂದಿನ ಕೆಲಸ ನಿಂತಂತೆ. ಹೊಸ ಕಂಬಳಿ ಬಿರುಸಾಗಿರುವುದೂ ಈ ಗಂಜಿಯಿಂದಲೇ. ಹೊದೆದಷ್ಟೂ ಅದು ಮೆದುವಾಗುತ್ತದೆ.

ಆಮೇಲೆ ಗುಂಡಿ ಮಗ್ಗ, ಲಾಳಿ, ನೇಯ್ಗೆ.

ಒರಟು ಎಂದು ನಾವು ಹಳಿಯುವ ಈ ಎಳೆಯಲ್ಲೂ ಉಣ್ಣೆಯ ಗುಣವೆಲ್ಲ ಇದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಎನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಅದರ ಸಹಜ ಜಿಡ್ಡು ಮಳೆಹನಿಯನ್ನು ಜಾರಿಸುತ್ತದೆ. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ನಾಟಿಗೆ ಬಗ್ಗಿದವರಿಗೆ, ಬಯಲಲ್ಲಿ ಮಂದೆಯ ಜೊತೆ ಮಲಗಿದ ಕುರಿಗಾಹಿಗೆ ಇದೆಲ್ಲ ಅನುಭವದಿಂದಲೇ ಗೊತ್ತಿತ್ತು. ಕೊಪ್ಪೆಯ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ.

ಅತ್ತ ಕುರಿಮಂದೆಯೂ ಬದಲಾಗಿದೆ. ಮಾಂಸದ ಬೆಲೆ ಏರಿದಂತೆ, ಬೇಗ ತೂಗುವ, ಉಣ್ಣೆಯೇ ಇಲ್ಲದ ಕುರಿತಳಿಗಳು ಮಂದೆಗೆ ಸೇರಿವೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ ಮೇವಿನ ನೆಲವೂ ಕುಗ್ಗಿದೆ. ಕತ್ತರಿಸುವ ಕೂಲಿಯೂ ಹುಟ್ಟದೆ ದಖನ್ನಿನ ಎಷ್ಟೋ ಕುರಿಗಾಹಿಗಳು ಉಣ್ಣೆಯನ್ನು ಎಸೆದು ಬರುತ್ತಾರೆ.

ಮಗ್ಗಕ್ಕೆ ಸಾಲ ಕೊಡುತ್ತೇವೆ, ನೇಕಾರರಿಗೆ ತರಬೇತಿ ಕೊಡುತ್ತೇವೆ, ಒಳ್ಳೆಯದೇ. ಆದರೆ ಉಣ್ಣೆಗೆ ನ್ಯಾಯವಾದ ಬೆಲೆ ಮೊದಲು ಕುರಿಗಾಹಿಯ ಕೈಗೆ ಸಿಗಬೇಕು. ಕರಿ ಉಣ್ಣೆಯ ದಖನಿ ಕುರಿಯನ್ನು ಸಾಕುವುದು ಅವನಿಗೆ ಗಿಟ್ಟದೆ ಹೋದರೆ, ಹುಣಸೆ ಗಂಜಿಯ ಹದ ಬಲ್ಲ ಬೆರಳುಗಳು ಉಳಿದಿದ್ದರೂ ಅವುಗಳಿಗೆ ತೀಡಲು ನೂಲು ಇರುವುದಿಲ್ಲ.