ಕೋನೀಯ ಸಂವೇಗದ ಸಂರಕ್ಷಣೆ: ತರಗತಿಯ ಕುರ್ಚಿಯಿಂದ ಹಾಸನದ ಕೇಂದ್ರದವರೆಗೆ

ಕೋನೀಯ ಸಂವೇಗದ ಸಂರಕ್ಷಣಾ ನಿಯಮವನ್ನು ವಿವರಿಸುವಾಗ ಪಠ್ಯಗಳು ಹಿಮದ ಮೇಲೆ ಗಿರಕಿ ಹೊಡೆಯುವ ನರ್ತಕಿಯನ್ನು ಉದಾಹರಿಸುವುದು ವಾಡಿಕೆ. ರಾಯಚೂರು ಜಿಲ್ಲೆಯ ಮುದಗಲ್ಲಿನಂತಹ ಬಿಸಿಲುನಾಡಿನ ಊರಿನ ವಿದ್ಯಾರ್ಥಿಗೆ ಆ ಹಿಮ ಅಪರಿಚಿತ; ಹೀಗಾಗಿ ನಿಯಮವೂ ಬಾಯಿಪಾಠದ ಸೂತ್ರವಾಗಿ ಉಳಿದುಬಿಡುತ್ತದೆ. ವಾಸ್ತವದಲ್ಲಿ ಇದಕ್ಕೆ ಸರಾಗವಾಗಿ ಸುತ್ತುವ ಒಂದು ಕುರ್ಚಿ ಮತ್ತು ಎರಡು ಕಿಲೋಗ್ರಾಂನ ಎರಡು ತೂಕದ ಕಲ್ಲುಗಳು ಸಾಕು.

ಕಲ್ಲುಗಳನ್ನು ಹಿಡಿದು ಕೈಚಾಚಿ ಕುಳಿತ ವಿದ್ಯಾರ್ಥಿಯನ್ನು ಮೆಲ್ಲನೆ ತಿರುಗಿಸಿ ಬಿಡಬೇಕು. ಆತ ಕೈಗಳನ್ನು ಎದೆಗೆ ಸೆಳೆದುಕೊಂಡೊಡನೆ ವೇಗ ಹೆಚ್ಚುತ್ತದೆ. ಅಕ್ಷದಿಂದ 0.8 ಮೀಟರ್ ದೂರದಲ್ಲಿ ಕಲ್ಲುಗಳೆರಡರ ಪರಿಭ್ರಮಣ ಜಡತ್ವ 2.56 ಕಿ.ಗ್ರಾಂ-ಮೀ², 0.2 ಮೀಟರಿಗೆ ತಂದಾಗ ಅದು 0.16 ಮಾತ್ರ. ದೇಹ ಮತ್ತು ಕುರ್ಚಿಯದನ್ನು 1.5 ಎಂದು ಭಾವಿಸಿ, ತೋಳುಗಳ ಸ್ಥಾನಪಲ್ಲಟವನ್ನು ಕಡೆಗಣಿಸಿದರೆ, ಮೊತ್ತವು 4.06ರಿಂದ 1.66ಕ್ಕೆ ಇಳಿಯುತ್ತದೆ. ಅರ್ಥಾತ್ ವೇಗವು ಸುಮಾರು 2.4 ಪಟ್ಟಾಗುತ್ತದೆ.

ಬಹುತೇಕ ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ನಿಜವಾದ ಪ್ರಶ್ನೆ ಇಲ್ಲಿಂದಲೇ ಆರಂಭ. ಸಂವೇಗ ಬದಲಾಗದಿದ್ದರೂ ಚಲನಶಕ್ತಿ ಅಷ್ಟೇ ಪಟ್ಟು, ಎಂದರೆ 2.4 ಪಟ್ಟು ಹೆಚ್ಚಿದೆ. ಈ ಶಕ್ತಿ ಬಂದದ್ದೆಲ್ಲಿಂದ? ಹೊರಕ್ಕೆ ಸರಿಯಲು ಹವಣಿಸುವಂತೆ ತೋರುವ ಕಲ್ಲುಗಳನ್ನು ಒಳಕ್ಕೆಳೆಯಲು ತೋಳಿನ ಸ್ನಾಯುಗಳು ಮಾಡಿದ ಕೆಲಸದಿಂದ. ಕುಳಿತವನಿಗೆ ಆ ಸೆಳೆತದ ಅನುಭವವೂ ಆಗುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಚಾಚಿದ ಕೈಗಳಿಂದ ಕಲ್ಲುಗಳನ್ನು ಸುಮ್ಮನೆ ಬಿಟ್ಟುಬಿಟ್ಟರೆ? ಭಾರ ಕಡಿಮೆಯಾದ್ದರಿಂದ ವೇಗ ಹೆಚ್ಚುವುದೆಂದು ತರಗತಿ ಉತ್ತರಿಸುವ ಸಂಭವವಿದೆ. ಹಾಗಾಗದು. ಕಲ್ಲುಗಳು ತಮ್ಮ ಪಾಲಿನ ಸಂವೇಗವನ್ನು ತಮ್ಮೊಡನೆ ಒಯ್ಯುತ್ತವೆ. ಕುರ್ಚಿಯ ವೇಗ ಇದ್ದಂತೆಯೇ ಇರುತ್ತದೆ. (ಇದನ್ನು ಮಾಡಿ ತೋರಿಸುವಾಗ ಮಕ್ಕಳನ್ನು ದೂರ ನಿಲ್ಲಿಸುವುದು ಕ್ಷೇಮ.) ಕುರ್ಚಿ ಕೊನೆಗೆ ನಿಲ್ಲುವುದು ಘರ್ಷಣೆಯ ಟಾರ್ಕಿನಿಂದಲೇ ಹೊರತು ನಿಯಮದ ಸೋಲಿನಿಂದಲ್ಲ.

ನಿಶ್ಚಲ ಕುರ್ಚಿಯಲ್ಲಿ ಕುಳಿತು, ಅಕ್ಷ ಲಂಬವಾಗಿರುವಂತೆ ಸೈಕಲ್ ಚಕ್ರವೊಂದನ್ನು ಹಿಡಿದು ಕೈಯಿಂದ ತಿರುಗಿಸಿದರೆ, ಕುರ್ಚಿ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಚಕ್ರವನ್ನು ತಡೆದರೆ ಕುರ್ಚಿಯೂ ನಿಲ್ಲುತ್ತದೆ. ಉಪಗ್ರಹಗಳ ದಿಕ್ಕನ್ನು ಬದಲಿಸುವ ಪ್ರತಿಕ್ರಿಯಾ ಚಕ್ರಗಳ ತತ್ತ್ವ ಇದೇ ಆಗಿದೆ. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ನಮ್ಮ ಹಾಸನದಲ್ಲಿಯೇ ಇದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಸೂರ್ಯಪ್ರಕಾಶದ ಅತ್ಯಲ್ಪ ಒತ್ತಡವೂ ಅಲ್ಲಿ ಹೊರಗಿನ ಟಾರ್ಕ್. ಅದು ದಿನಗಟ್ಟಲೆ ಕೂಡಿ ಚಕ್ರಗಳ ವೇಗವನ್ನು ಮಿತಿಯತ್ತ ಒಯ್ಯುವುದರಿಂದ, ಸಂಗ್ರಹವಾದ ಸಂವೇಗವನ್ನು ಕಿರುರಾಕೆಟ್ಟುಗಳನ್ನು ಉರಿಸಿ ಇಳಿಸಬೇಕಾಗುತ್ತದೆ.