ಆರು ಸೆಕೆಂಡಿನ ಕಾದಾಟಕ್ಕೆ ಐದು ದಿನ ಏಕೆ ಬೇಕು?

ಬರೆದು ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳು ನಿಂತುಹೋಗುವ ಒಂದು ಮಾಮೂಲಿ ಜಾಗವಿದೆ: ಮೊದಲ ಕಾದಾಟ. ಅಲ್ಲಿಯವರೆಗೆ ಕತೆ ಚೆನ್ನಾಗಿಯೇ ಓಡುತ್ತಿರುತ್ತದೆ. ಗುಹೆಯೊಳಗೆ ಗಾಬ್ಲಿನ್ ಎಂಬ ಗಿಡ್ಡ ರಾಕ್ಷಸರು ಮೇಲೆರಗಿದ ಕೂಡಲೇ ಎಲ್ಲರೂ ದಾಳ ಎಸೆಯುತ್ತಾರೆ, ಯಾರ ನಂತರ ಯಾರು ಎಂಬ ಪಟ್ಟಿ ತಯಾರಾಗುತ್ತದೆ, ಆಮೇಲೆ ಒಬ್ಬರಿಗೊಬ್ಬರು ಕಾಯುತ್ತಾ ಕೂರುತ್ತಾರೆ. ವಾರ ಕಳೆಯುವಷ್ಟರಲ್ಲಿ ಯಾರಿಗೂ ಆಸಕ್ತಿ ಉಳಿದಿರುವುದಿಲ್ಲ.

‘ಆಟಗಾರರು ಸೋಮಾರಿಗಳು’ ಎಂದು ಬೈದುಕೊಳ್ಳುವವರೇ ಹೆಚ್ಚು. ಆದರೆ ತೊಂದರೆ ಇರುವುದು ಒಂದು ತಪ್ಪು ನಂಬಿಕೆಯಲ್ಲಿ. ದಾಳ ಹೇಳಿದ ಸರದಿಯನ್ನು ಚಾಚೂ ತಪ್ಪದೆ ಪಾಲಿಸಿದರೆ ಮಾತ್ರ ಆಟ ನ್ಯಾಯವಾಗಿರುತ್ತದೆ ಎಂಬುದೇ ಆ ನಂಬಿಕೆ. ಇದು ಎಷ್ಟು ಸರಿ, ಲೆಕ್ಕ ಹಾಕಿ ನೋಡೋಣ.

ಮೊದಲು ನಿಯಮ ತಿಳಿದುಕೊಳ್ಳೋಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ನಾಲ್ಕೈದು ಜನ ತಲಾ ಒಂದು ಪಾತ್ರ ವಹಿಸುತ್ತಾರೆ. ಶತ್ರುಗಳನ್ನೂ ಉಳಿದ ಜಗತ್ತನ್ನೂ ನಡೆಸುವವರು ಗೇಮ್ ಮಾಸ್ಟರ್. ನಮ್ಮ ಚೌಕಾಬಾರದಲ್ಲಿ ಕುಳಿತ ಸಾಲಿನಂತೆ ಸರದಿ ಬರುತ್ತದೆ. ಇಲ್ಲಿ ಹಾಗಲ್ಲ. 2014ರಲ್ಲಿ ಬಂದ ಐದನೇ ಆವೃತ್ತಿಯ ಪ್ರಕಾರ, ಕಾದಾಟ ಶುರುವಾದಾಗ ಪ್ರತಿಯೊಬ್ಬರೂ ಇಪ್ಪತ್ತು ಮುಖದ ದಾಳ ಎಸೆದು, ಬಂದ ಸಂಖ್ಯೆಗೆ ತಮ್ಮ ಪಾತ್ರದ ಚುರುಕುತನದ ಅಂಕ ಕೂಡಿಸಬೇಕು. ಇದಕ್ಕೆ ಇನಿಷಿಯೇಟಿವ್ ಎನ್ನುತ್ತಾರೆ. ಹೆಚ್ಚು ಬಂದವರು ಮೊದಲು. ಎಲ್ಲರ ಸರದಿ ಮುಗಿದರೆ ಒಂದು ಸುತ್ತು, ಕತೆಯೊಳಗೆ ಅದು ಸುಮಾರು ಆರು ಸೆಕೆಂಡು.

ಮೇಜಿನ ಸುತ್ತ ಕುಳಿತಾಗ ಇದರಲ್ಲಿ ತೊಂದರೆಯಿಲ್ಲ. ಆದರೆ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ದಿನಕ್ಕೊಂದು ಸಂದೇಶ ಬರೆದು ಆಡುವಾಗ? ಎರಡೂ ಕಡೆಯ ಗಡಿಯಾರಗಳ ನಡುವೆ ಋತುವಿಗೆ ತಕ್ಕಂತೆ ಹನ್ನೆರಡೂವರೆ ಇಲ್ಲವೇ ಹದಿಮೂರೂವರೆ ಗಂಟೆಯ ಅಂತರ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗಲು ಹೊರಟಿರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಕಡೆ ಒಬ್ಬ ಕಳ್ಳಿ, ಒಬ್ಬ ಮಾಂತ್ರಿಕ, ಒಬ್ಬ ಪುರೋಹಿತ, ಒಬ್ಬ ಯೋಧ. ಎದುರಿಗೆ ಆರು ಗಾಬ್ಲಿನ್‌ಗಳು. ಒಂದೇ ಬಗೆಯ ಶತ್ರುಗಳ ಗುಂಪಿಗೆ ಒಂದೇ ದಾಳ ಸಾಕೆಂದು ನಿಯಮವೇ ಹೇಳುತ್ತದೆ. ಕಳ್ಳಿಗೆ 19, ಗಾಬ್ಲಿನ್‌ಗಳಿಗೆ 14, ಮಾಂತ್ರಿಕನಿಗೆ 12, ಪುರೋಹಿತನಿಗೆ 8, ಯೋಧನಿಗೆ 5 ಬಂತು ಎನ್ನಿ. ಪ್ರತಿಯೊಬ್ಬರೂ ಹಿಂದಿನವರ ಸಂದೇಶಕ್ಕೆ ಒಂದು ದಿನ ಕಾದರೆ ಒಂದು ಸುತ್ತಿಗೆ ಐದು ದಿನ. ನಾಲ್ಕು ಸುತ್ತಿನ ಕಾದಾಟಕ್ಕೆ ಇಪ್ಪತ್ತು ದಿನ. ಕತೆಯೊಳಗೆ ಕಳೆದದ್ದು ಇಪ್ಪತ್ನಾಲ್ಕು ಸೆಕೆಂಡು!

ಈಗ ಆ ಸರದಿಯನ್ನೇ ಸಾಲಾಗಿ ಬರೆದು ನೋಡಿ: ಕಳ್ಳಿ, ಗಾಬ್ಲಿನ್, ಮಾಂತ್ರಿಕ, ಪುರೋಹಿತ, ಯೋಧ, ಕಳ್ಳಿ, ಗಾಬ್ಲಿನ್, ಮಾಂತ್ರಿಕ... ಮೊದಲ ಸಲ ಗಾಬ್ಲಿನ್‌ಗಳು ಹೊಡೆದ ಮೇಲೆ ಏನಾಗುತ್ತಿದೆ? ನಮ್ಮವರು ನಾಲ್ವರು, ಮತ್ತೆ ಗಾಬ್ಲಿನ್‌ಗಳು, ಮತ್ತೆ ನಮ್ಮವರು ನಾಲ್ವರು. ಅಷ್ಟೇ. ಸರದಿ ಎಂಬುದು ಸಾಲಲ್ಲ, ಚಕ್ರ. ಚಕ್ರಕ್ಕೆ ಮೊದಲು ಕೊನೆ ಎಂಬುದಿಲ್ಲ. ದಾಳ ನಿರ್ಧರಿಸಿದ್ದು ಒಂದೇ ಒಂದು ಸಂಗತಿ: ಶತ್ರುಗಳು ಕೈಯೆತ್ತುವ ಮೊದಲು ಯಾರಿಗೆ ಒಂದು ಹೆಚ್ಚಿನ ಅವಕಾಶ ಸಿಕ್ಕಿತು ಎಂಬುದು. ಇಲ್ಲಿ ಅದು ಕಳ್ಳಿಗೆ ಸಿಕ್ಕಿದೆ. ಅದಾದ ಮೇಲೆ ಪುರೋಹಿತ ಮಾಂತ್ರಿಕನಿಗಾಗಿ, ಯೋಧ ಪುರೋಹಿತನಿಗಾಗಿ ಕಾಯುವುದರಿಂದ ಯಾರಿಗೂ ಏನೂ ಲಾಭವಿಲ್ಲ.

ಹಾಗಾಗಿ ಬರೆದು ಆಡುವವರು ಹೀಗೆ ಮಾಡಬಹುದು. ಎಲ್ಲರೂ ದಾಳ ಎಸೆಯಲಿ, ಆದರೆ ಶತ್ರುಗಳ ಅಂಕದೊಂದಿಗೆ ಮಾತ್ರ ಹೋಲಿಸಿ. ಗೆದ್ದವರು ಮೊದಲು ಬರೆಯಲಿ, ಆಮೇಲೆ ಶತ್ರುಗಳು, ಅಲ್ಲಿಂದ ಮುಂದೆ ನಾಲ್ವರೂ ತಮಗೆ ಬಿಡುವಾದಾಗ ಯಾವ ಕ್ರಮದಲ್ಲಾದರೂ ಬರೆಯಲಿ. ಬಂದ ಕ್ರಮದಲ್ಲೇ ಗೇಮ್ ಮಾಸ್ಟರ್ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನಾಲ್ವರಿಗೂ ಸೇರಿ ಒಂದು ದಿನ, ಗೇಮ್ ಮಾಸ್ಟರ್‌ಗೆ ಒಂದು ದಿನ ಎಂದಿಟ್ಟುಕೊಂಡರೆ ಅದೇ ಇಪ್ಪತ್ತು ದಿನದ ಕಾದಾಟ ಒಂಬತ್ತು ದಿನಕ್ಕೆ ಮುಗಿಯುತ್ತದೆ. ಯೋಧ ಹೊಡೆಯುವ ಮೊದಲು ಪುರೋಹಿತನ ಆಶೀರ್ವಾದ ಬೇಕಿದ್ದರೆ ‘ಆಶೀರ್ವಾದದ ನಂತರ’ ಎಂದು ಒಂದು ಮಾತು ಸೇರಿಸಿದರಾಯಿತು. ಕಟ್ಟುನಿಟ್ಟಿನ ಸರದಿಯಲ್ಲಿ ಈ ಹೊಂದಾಣಿಕೆಗೆ ಇಷ್ಟು ಸಲೀಸಾದ ದಾರಿಯಿಲ್ಲ.

‘ಹಾಗಾದರೆ ಚುರುಕಾದ ಪಾತ್ರ ಕಟ್ಟಿಕೊಂಡವರಿಗೆ ಅನ್ಯಾಯವಲ್ಲವೇ?’ ಎಂದು ನೀವು ಕೇಳಬಹುದು. ಗಾಬ್ಲಿನ್‌ನ ಚುರುಕುತನದ ಅಂಕ 2. ನಮ್ಮ ಕಳ್ಳಿಯದು 3 ಎಂದಾದರೆ ಅವಳು ಗಾಬ್ಲಿನ್‌ಗಳಿಗಿಂತ ಹೆಚ್ಚು ಅಂಕ ಪಡೆಯುವ ಸಾಧ್ಯತೆ ಶೇ. 52.5. ಅಂಕವೇ ಇಲ್ಲದ ಯೋಧನಿಗೆ ಶೇ. 38.25. ಈ ಅಂತರ ಹೊಸ ಪದ್ಧತಿಯಲ್ಲೂ ಹಾಗೆಯೇ ಉಳಿಯುತ್ತದೆ, ಏಕೆಂದರೆ ಮೊದಲ ಸುತ್ತಿನ ಹೋಲಿಕೆಯನ್ನು ನಾವು ಮುಟ್ಟಿಲ್ಲ. ಕಳ್ಳಿ ಕಳೆದುಕೊಂಡದ್ದು ಯೋಧನಿಗಿಂತ ಮುಂದೆ ನಿಲ್ಲುವ ಹಕ್ಕನ್ನು ಮಾತ್ರ. ಯೋಧ ಅವಳ ಶತ್ರುವೇನಲ್ಲವಲ್ಲ!

ಇಡೀ ಪಕ್ಷಕ್ಕೆ ಒಂದೊಂದೇ ದಾಳ ಎಸೆಯುವ ಪದ್ಧತಿಯೂ ಇದೆ. ಇನ್ನೂ ಸರಳ ನಿಜ, ಆದರೆ ನಮಗೆ ಅದು ಅಷ್ಟು ಹಿಡಿಸುವುದಿಲ್ಲ. ದಾಳ ಕೈಕೊಟ್ಟರೆ ನಮ್ಮವರು ಒಬ್ಬರೂ ಕತ್ತಿ ಹಿರಿಯುವ ಮೊದಲೇ ಆರೂ ಗಾಬ್ಲಿನ್‌ಗಳು ಮಾಂತ್ರಿಕನ ಮೇಲೆ ಮುಗಿಬೀಳಬಹುದು.

ಕಾಯುವಿಕೆ ಹುಟ್ಟುವ ಇನ್ನೊಂದು ಜಾಗ ಸಂದೇಶದ ಒಳಗೇ ಇದೆ. ‘ಗಾಬ್ಲಿನ್‌ಗೆ ಹೊಡೆಯುತ್ತೇನೆ, 16 ಬಂತು, ತಗುಲಿತೇ?’ ಎಂದು ಬರೆದರೆ ಉತ್ತರಕ್ಕೆ ಒಂದು ದಿನ. ಗಾಬ್ಲಿನ್‌ನ ರಕ್ಷಣೆಯ ಅಂಕ 15, ಜೀವದ ಅಂಕ 7 ಎಂದು ಗೇಮ್ ಮಾಸ್ಟರ್ ಮೊದಲೇ ಹೇಳಿಬಿಟ್ಟರೆ ಆಟಗಾರರೇ ಪೆಟ್ಟಿನ ದಾಳವನ್ನೂ ಎಸೆದು, ಗಾಬ್ಲಿನ್ ಹೇಗೆ ಬಿತ್ತೆಂದು ಬಣ್ಣಿಸಿ ಮುಗಿಸಬಹುದು. ಗುಟ್ಟು ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಗಾಬ್ಲಿನ್ ವಿಷಯದಲ್ಲಿ ಅದೇನು ಮಹಾ ಗುಟ್ಟು? ಜೊತೆಗೆ ‘ಅಷ್ಟರಲ್ಲಿ ಅದು ಸತ್ತಿದ್ದರೆ ಪಕ್ಕದ್ದಕ್ಕೆ’ ಎಂಬ ಒಂದು ಸಾಲು ಇರಲಿ.

ಶತ್ರುವಿನ ಸರದಿಯ ನಡುವೆಯೇ ಬಳಸುವ ಪ್ರತಿಕ್ರಿಯೆಗಳಿಗೂ ಇದೇ ಉಪಾಯ. ಮಾಂತ್ರಿಕನ ‘ಶೀಲ್ಡ್’ ಮಂತ್ರ ಅವನ ರಕ್ಷಣೆಯನ್ನು ಐದು ಅಂಕ ಏರಿಸುತ್ತದೆ. ‘ಇದರಿಂದ ಪೆಟ್ಟು ತಪ್ಪುವಂತಿದ್ದರೆ ಮಾತ್ರ ಬಳಸಿ’ ಎಂದು ಮೊದಲೇ ಬರೆದಿಟ್ಟರೆ ಗೇಮ್ ಮಾಸ್ಟರ್ ನಿಲ್ಲಬೇಕಿಲ್ಲ. ಬಾರದೇ ಹೋದವರಿಗೆ 24 ಅಥವಾ 48 ಗಂಟೆಯ ಗಡುವು ಹಾಕಿ, ಆಮೇಲೆ ಗೇಮ್ ಮಾಸ್ಟರೇ ಅವರ ಪರವಾಗಿ ಒಂದು ಸಾಮಾನ್ಯ ಏಟು ಹೊಡೆಯಲಿ. ಆದರೆ ಅವರ ದುಬಾರಿ ಮಂತ್ರಗಳನ್ನು ಖರ್ಚು ಮಾಡುವುದು ಬೇಡ. ಮರಳಿ ಬಂದವರಿಗೆ ಅದು ಕಳವಿನಂತೆ ಕಾಣುತ್ತದೆ.

ಚಕ್ರದ ಲೆಕ್ಕ ಕೈಕೊಡುವ ಸಂದರ್ಭವೂ ಒಂದಿದೆ. ಗಾಬ್ಲಿನ್‌ಗಳ ಜೊತೆ ಅವರ ನಾಯಕನೂ ಇದ್ದು, ಅವನಿಗೆ ಬೇರೆ ದಾಳ ಎಸೆದರೆ ಅವನ ಸರದಿ ನಮ್ಮವರ ನಡುವೆ ಬಂದು ನಾಲ್ವರ ಗುಂಪನ್ನು ಎರಡಾಗಿ ಒಡೆಯಬಹುದು. ಆಗ ಸುತ್ತಿಗೆ ಎರಡು ದಿನದ ಬದಲು ನಾಲ್ಕು ದಿನ. ಸಾಮಾನ್ಯ ಕಾದಾಟದಲ್ಲಿ ನಾಯಕನನ್ನು ಅವನ ಹಿಂಬಾಲಕರ ಸರದಿಗೇ ಸೇರಿಸಿಬಿಡುವುದು ಮೇಲು. ಕತೆಯ ಕೊನೆಯ ಡ್ರ್ಯಾಗನ್ ಎದುರಾದಾಗ ಬೇಕಿದ್ದರೆ ಅದಕ್ಕೇ ಒಂದು ಸರದಿ ಕೊಡಿ. ಆ ಎರಡು ದಿನ ಹೆಚ್ಚಿಗೆ ಕಾಯಲು ಯಾರೂ ಗೊಣಗುವುದಿಲ್ಲ.