ಊರು ಬಿಟ್ಟವರ ಕಸುಬು

ಅರ್ಥಶಾಸ್ತ್ರವೆಂದರೆ ಬೆಲೆ, ಬಡ್ಡಿ, ನಾಣ್ಯಗಳ ಲೆಕ್ಕವೆಂದು ತಿಳಿದವರೇ ಹೆಚ್ಚು. ಆದರೆ ಜನರು ಏಕೆ ಊರು ಬಿಡುತ್ತಾರೆ, ಹೋದಲ್ಲಿ ಅವರಿಗೆ ಏನು ದೊರೆಯುತ್ತದೆ ಎಂಬುದನ್ನು ಪರಿಶೀಲಿಸುವುದನ್ನೇ ವೃತ್ತಿಯಾಗಿ ಕೈಗೊಂಡ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಅವರ ಕೆಲಸವೇನೆಂಬುದನ್ನು ನಮ್ಮ ಊರಿನ ನಿದರ್ಶನದಿಂದಲೇ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಹಳ್ಳಿಯ ಬೇಸಾಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಜನ ದುಡಿಯುತ್ತಾರೆ, ಅವರು ಕೈಗಾರಿಕೆಗೆ ಬಂದಂತೆ ದೇಶದ ಉತ್ಪನ್ನ ಬೆಳೆಯುತ್ತದೆ ಎಂದು ಆರ್ಥರ್ ಲೂಯಿಸ್ 1954ರಲ್ಲಿ ಪ್ರತಿಪಾದಿಸಿದರು. ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ಕಲಿತ ಕೆಲಸವೂ ಒಂದು ಬಂಡವಾಳವೆಂದು ವಿವರಿಸಿದರು. ಒಬ್ಬರು ಕಾರ್ಮಿಕನ ಕಾಲನ್ನು ನೋಡಿದರು, ಇನ್ನೊಬ್ಬರು ಅವನ ಕೈಯನ್ನು ನೋಡಿದರು ಎನ್ನಬಹುದು.

ದಾವಣಗೆರೆಯ ಹತ್ತಿಗಿರಣಿಗಳೂ, 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಸುತ್ತಣ ಹಳ್ಳಿಗಳ ಜನರನ್ನು ಸೆಳೆದವು. ಕಾಲಕ್ರಮದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯೂ ನಿಂತಿತು. ನಮ್ಮ ತಾತನವರು ಒಂದು ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ ಅವರ ಅನುಭವಕ್ಕೆ ಊರಿನಲ್ಲಿ ಬೆಲೆಯಿಲ್ಲದಾಗಿ, ಮಂಡಕ್ಕಿ ಭಟ್ಟಿಯ ಕೂಲಿಗೆ ಹೋದರು. ನಮ್ಮ ಬೀದಿಯ ಹಿರಿಯರೊಬ್ಬರು ಹರಿಹರದಲ್ಲಿ ಲೇತ್ ಕೆಲಸ ಕಲಿತವರು. ಅವರು ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಅದೇ ಕೆಲಸ ಹಿಡಿದರು. ಇಬ್ಬರೂ ಶ್ರಮಜೀವಿಗಳೇ, ವ್ಯತ್ಯಾಸವಿದ್ದುದು ಕಸುಬಿನಲ್ಲಿ.

ಈ ವ್ಯತ್ಯಾಸಕ್ಕೆ ಬೆಕರ್ ಕಾರಣ ಹೇಳಿದ್ದಾರೆ. ಒಂದೇ ಕಾರ್ಖಾನೆಗೆ ಉಪಯೋಗವಾಗುವ ಕೆಲಸವನ್ನು ಮಾಲೀಕ ತನ್ನ ಖರ್ಚಿನಲ್ಲಿ ಕಲಿಸುತ್ತಾನೆ. ಎಲ್ಲೆಡೆಯೂ ಸಲ್ಲುವ ಕೆಲಸವನ್ನು ಕಲಿಸಲು ಹಿಂಜರಿಯುತ್ತಾನೆ. ಕಲಿತವನು ನಾಳೆ ಬೇರೆಡೆಗೆ ಹೋಗಬಹುದಲ್ಲ! ಆದ್ದರಿಂದ ಅಂತಹ ಕಲಿಕೆಯ ವೆಚ್ಚವನ್ನು ಕಲಿಯುವವನೇ ಹೊರಬೇಕು. ಬಡವನಿಗೆ ಅದು ಸಾಧ್ಯವಾಗದು, ಸಮಾಜವೇ ನೆರವಾಗಬೇಕಾಗುತ್ತದೆ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಐ.ಟಿ.ಐ.ಗಳು ಈ ಉದ್ದೇಶಕ್ಕೆ ಒದಗುತ್ತವೆ. 1961ರ ಶಿಶಿಕ್ಷು ಕಾಯಿದೆ ಕಾರ್ಖಾನೆಗಳಿಗೂ ಕಲಿಸುವ ಹೊಣೆ ಹೊರಿಸಿತು. ಕೆಲಸ ಮಾಡುತ್ತಲೇ ಕಲಿತ ಗಾರೆಯವನಿಗೂ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. ಇವುಗಳಿಂದ ಕಲಿತವರು ಈಗ ಎಲ್ಲಿದ್ದಾರೆ, ಅವರ ಕೂಲಿ ಹೆಚ್ಚಿತೇ ಎಂದು ಮನೆಮನೆಗೆ ಹೋಗಿ ವಿಚಾರಿಸಿ ಅಳೆಯುವುದೇ ಆ ಅರ್ಥಶಾಸ್ತ್ರಜ್ಞನ ಕೆಲಸ.

ನಾನು ವಾಸಿಸುವ ಬಡಾವಣೆಗೆ ದೇವರಾಜ ಅರಸರ ಹೆಸರಿದೆ. ಅವರು ಮುಖ್ಯಮಂತ್ರಿಗಳಾಗಿದ್ದಾಗಲೇ, 1976ರಲ್ಲಿ, ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಕಾಯಿದೆ ಬಂದಿತು. ಒಡೆಯನ ಮನೆ ಬಿಟ್ಟು ಹೊರಡುವ ಸ್ವಾತಂತ್ರ್ಯ ಮೊದಲನೆಯ ಮೆಟ್ಟಿಲು; ಹೋದಲ್ಲೆಲ್ಲ ಸಲ್ಲುವ ಕಸುಬು ಎರಡನೆಯದು. ಮೊದಲನೆಯದನ್ನು ಕಾನೂನು ಕೊಟ್ಟಿತು. ಎರಡನೆಯದು ಎಷ್ಟು ಜನರಿಗೆ ದೊರೆತಿದೆಯೆಂದು ಎಣಿಸುವ ಕೆಲಸಕ್ಕೆ ನನ್ನ ಸಹಪಾಠಿಗಳಲ್ಲಿ ಕೆಲವರಾದರೂ ಮುಂದಾಗಲಿ ಎಂದು ಹಾರೈಸುತ್ತೇನೆ.